ಅಪ್ಪನ ಎರಡು ಗೆರೆ

ವೈರು ಸುಟ್ಟ ವಾಸನೆ ಬಂದರೆ ಇವತ್ತಿಗೂ ನಾನು ಮೊದಲು ನೋಡುವುದು ಬಾಗಿಲನ್ನು. ಶಾಲೆಯಲ್ಲಿ ಪಾಠ ಮಾಡುತ್ತಿರಲಿ, ಮನೆಯಲ್ಲಿ ಮಿಕ್ಸಿ ಹಾಕಿರಲಿ, ಕಣ್ಣು ತಾನಾಗಿ ಬಾಗಿಲಿಗೆ ಹೋಗುತ್ತದೆ. ಅಲ್ಲಿಂದ ನೆಲಕ್ಕಿಳಿದು, ದಾರಿಗೆ ಅಡ್ಡ ಏನಾದರೂ ಇದೆಯೇ ಎಂದು ಹುಡುಕುತ್ತದೆ.

ಅಪ್ಪ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಒಂದು ಶೆಡ್ಡಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕರೆಂಟಿನ ಕತ್ತರಿಯನ್ನು ಆ ಗುರುತಿನ ಮೇಲೆ ನಡೆಸುವುದು ಅವರ ಕೆಲಸ. "ಒಂದು ಗೆರಿ ತಪ್ಪಿದ್ರ ಐವತ್ತು ಪ್ಯಾಂಟು ಕುಂಟ್ತಾವ ನೋಡವ್ವಾ," ಎನ್ನುತ್ತಿದ್ದರು. ಅವರು ಕತ್ತರಿಸಿದ ಪ್ಯಾಂಟು ಕುಂಟಿದ್ದನ್ನು ನಾನಂತೂ ನೋಡಿಲ್ಲ.

ಕುಂಟುತ್ತಿದ್ದವಳು ಅವ್ವ. ಅವಳ ಬಲ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅದೇ ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ಕೂತು, ಹೊಲಿದ ಪ್ಯಾಂಟುಗಳ ದಾರದ ತುದಿಗಳನ್ನು ಕತ್ತರಿಸುತ್ತಿದ್ದಳು. ಬೆಳಿಗ್ಗೆ ಎದ್ದವರೇ ಅಪ್ಪ ಒಲೆಯ ಮೇಲೆ ಮೊದಲು ಇಡುತ್ತಿದ್ದುದು ಚಹಾ ಅಲ್ಲ, ಅವಳ ಕಾಲಿಗೆ ಕಾವು ಕೊಡುವ ಉಪ್ಪುನೀರು. ಮೊಪೆಡ್ಡಿನ ಹಿಂದಿನ ಸೀಟಿಗೆ ಚಿಂದಿ ತುಂಬಿ ಒಂದು ಮೆತ್ತೆ ಹೊಲಿದಿದ್ದರು. ಮಧ್ಯಾಹ್ನ ಅವಳನ್ನು ಮೇಜಿನ ಬಳಿಗೆ ನಡೆಸದೆ, ತಾವೇ ಬುತ್ತಿ ಹಿಡಿದು ಅವಳಿದ್ದಲ್ಲಿಗೆ ಹೋಗುತ್ತಿದ್ದರು.

ಒಮ್ಮೆ ಅವ್ವ ದಾರಿಯ ನಡುವೆ ಬಿದ್ದಿದ್ದ ಪ್ಯಾಂಟಿನ ಗಂಟಿಗೆ ಎಡವಿ ಬಿದ್ದಳು. ಮರುದಿನ ಅಪ್ಪ ಅವಳು ಕೂರುವ ಜಾಗದಿಂದ ಮುಂಬಾಗಿಲವರೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಉದ್ದ ಗೆರೆ ಎಳೆದರು. ಗೆರೆಗಳ ನಡುವೆ ಯಾರೂ ಏನೂ ಇಡುವಂತಿಲ್ಲ. ಓಡಾಟಕ್ಕೆ ಅಳಿಸಿಹೋಗುತ್ತಿತ್ತು, ಅವರು ದಿನಾ ಬಗ್ಗಿ ಹೊಸದಾಗಿ ಎಳೆಯುತ್ತಿದ್ದರು. ಹೊಲಿಯುವ ಹೆಂಗಸರಿಗೆ ಅದೊಂದು ತಮಾಷೆ.

"ಮಾಸ್ಟ್ರು ಹೆಂಡ್ತಿಗೆ ಹೈವೇ ಹಾಕ್ಸ್ಯಾರ. ಟೋಲ್ ಎಷ್ಟ್ರಿ?"

"ಗಂಟು ಇಟ್ಟೋರಿಗೆ ಬೈಗುಳಾನ ಟೋಲು," ಎನ್ನುತ್ತಿದ್ದರು ಅಪ್ಪ, ತಲೆ ಎತ್ತದೆ.

ನಾನಾಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ರಜೆಗೆ ಬಂದಾಗ ಶೆಡ್ಡಿನಲ್ಲಿ ಪ್ಯಾಂಟುಗಳನ್ನು ಗಂಟು ಕಟ್ಟಿಕೊಡುತ್ತಿದ್ದೆ. ಆ ದಿನ ಮಧ್ಯಾಹ್ನ ಬಳ್ಳಾರಿಗೆ ಹೋಗುವ ಗಾಡಿ ಬರುವುದಿತ್ತು. ಹೊರಲು ಸುಲಭವಾಗಲಿ ಎಂದು ಒಂದು ದೊಡ್ಡ ಗಂಟನ್ನು ಎಳೆದು ತಂದು ಬಾಗಿಲಿನ ಹತ್ತಿರ, ಎರಡು ಗೆರೆಗಳ ನಟ್ಟನಡುವೆ ಇಟ್ಟೆ. ಗೊತ್ತಿದ್ದೇ ಇಟ್ಟೆ. ಐದು ನಿಮಿಷಕ್ಕೆ ಏನಾಗುತ್ತದೆ ಅಂದುಕೊಂಡು, ಕೈ ತೊಳೆಯಲು ಹೊರಗಿನ ನಲ್ಲಿಗೆ ಹೋದೆ.

ಅಲ್ಲಿಂದ ತಿರುಗಿ ನೋಡಿದರೆ ಅಪ್ಪ ಬುತ್ತಿಯನ್ನು ಕೆಳಗಿಟ್ಟು ಆ ಗಂಟನ್ನು ಎಳೆಯುತ್ತಿದ್ದರು. ಒಳಗಿನಿಂದ ಅವ್ವ ಏನೋ ಕೂಗಿದಳು, ಅವರೂ ಏನೋ ಅಂದರು. ನನಗೆ ಕೇಳಿಸಲಿಲ್ಲ. ಅವರ ಹಟ ಕಂಡು ನಗು ಬಂತು. ಗಂಟನ್ನು ಗೋಡೆಗೆ ಒತ್ತರಿಸಿ, ಬುತ್ತಿ ಎತ್ತಿಕೊಂಡು ಅವ್ವನ ಕಡೆ ನಡೆದರು.

ನಾನಿನ್ನೂ ಕೈ ಒರೆಸಿಕೊಳ್ಳುತ್ತಿದ್ದೆ. ಒಳಗೆ ಮೇಜಿನ ಪಕ್ಕದ ಚಿಂದಿ ರಾಶಿಯ ಮೇಲೆ ಹಾದಿದ್ದ ವೈರು ಚಟಚಟ ಅಂದು ಕಿಡಿ ಉದುರಿಸಿತು. ದೀಪ ಆರಿತು. ನೋಡುತ್ತಿದ್ದಂತೆ ಶೆಡ್ಡಿನ ಬಾಗಿಲು ಹೊಗೆಯನ್ನು ಕಕ್ಕತೊಡಗಿತು. ಒಳಗೆ ಹದಿನಾಲ್ಕು ಮಂದಿ ಹೆಂಗಸರು. ಎಲ್ಲರಿಗಿಂತ ಹಿಂದೆ ಅವ್ವ. ಬೇರೆ ಬಾಗಿಲಿಲ್ಲ. ನನ್ನ ಕಾಲು ಮುಂದೆ ಬರಲಿಲ್ಲ. ಅಪ್ಪನ ದನಿ ಮಾತ್ರ ಕೇಳುತ್ತಿತ್ತು.

"ನಿಂದ್ರಬ್ಯಾಡ್ರಿ, ಕುಂದ್ರಿ! ಬಗ್ಗಿ ನೆಲ ನೋಡ್ರಿ! ಗೆರಿ ಹಿಡ್ಕೊಂಡು ಬರ್ರಿ!"

ಹೊಗೆ ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ಅಂಗೈ ಊರಿ, ಬಿಳಿ ಗೆರೆ ನೋಡುತ್ತಾ ಒಬ್ಬೊಬ್ಬರೇ ತೆವಳಿ ಬಂದರು. ಟೋಲ್ ಕೇಳಿದ್ದ ಹೆಂಗಸು ನನ್ನ ಸೀರೆಯಂಚು ಹಿಡಿದು ಎದ್ದು ನಿಂತಳು. ಕೊನೆಗೆ ಅಪ್ಪ ಹಿಮ್ಮುಖವಾಗಿ ಬಂದರು, ಅವ್ವನ ಎರಡೂ ರಟ್ಟೆ ಹಿಡಿದು ಅವಳನ್ನು ಎಳೆದುಕೊಂಡು. ಗಂಟು ಇಟ್ಟಿದ್ದ ಜಾಗವನ್ನು ಅವಳ ಮಡಚದ ಕಾಲು ಹಾಗೇ ಸವರಿಕೊಂಡು ಬಂತು.

ಬೀದಿಯಲ್ಲಿ ಅಪ್ಪನ ಸುಟ್ಟ ಕೈಗೆ ಯಾರೋ ನೀರು ಸುರಿಯುತ್ತಿದ್ದರು. ಅವ್ವ ಕೆಮ್ಮುತ್ತಲೇ ಅವರನ್ನು ಕೇಳಿದಳು: "ಊಟ ಎಲ್ಲೂ ಓಡಿಹೋಗಂಗಿಲ್ಲ ಅಂದ್ರಲ್ಲ, ಈಗ ಏನ್ ಉಣ್ತೀರಿ?" ಇಬ್ಬರೂ ನಕ್ಕರು. ಅಂಥ ಹೊತ್ತಿನಲ್ಲಿ ಊಟದ ಮಾತೇಕೆ ಬಂತೋ ನನಗೆ ತಿಳಿಯಲಿಲ್ಲ. ಹೆದರಿಕೆಗೆ ಹಾಗೆ ನಗುತ್ತಿದ್ದಾರೆ ಅಂದುಕೊಂಡೆ.

ಅಪ್ಪ ಆ ಗಂಟಿನ ಸುದ್ದಿಯನ್ನು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ಕೈ ಮಾಗಿದ ಮೇಲೆ ಬೇರೆ ಶೆಡ್ಡಿಗೆ ಸೇರಿದರು, ಅಲ್ಲೂ ಗೆರೆ ಎಳೆದರು. ನನ್ನನ್ನು ಬಿ.ಎಡ್. ಓದಿಸಿ, ಮಡಕಶಿರಾಕ್ಕೆ ಮದುವೆ ಮಾಡಿ ಕೊಟ್ಟರು. ಹೋದ ವರ್ಷ ಕಾಯಿಲೆ ಬಿದ್ದು ತೀರಿಕೊಂಡರು. ಈಗ ಅವ್ವ ನಮ್ಮ ಜೊತೆಗಿದ್ದಾಳೆ. ಅವಳು ಮೊಣಕಾಲು ನೀವಿಕೊಂಡಾಗಲೆಲ್ಲ ನಾನು ಮನಸ್ಸಿನಲ್ಲೇ ಆ ಗಂಟನ್ನು ಮತ್ತೆ ದಾರಿಯಲ್ಲಿಟ್ಟು, ಹೊಗೆಯೊಳಗೆ ಅವಳ ಕಾಲು ಅದಕ್ಕೆ ಸಿಕ್ಕಿಕೊಳ್ಳುವುದನ್ನು ನೋಡುತ್ತಿದ್ದೆ.

ಕಳೆದ ವಾರ ನನ್ನ ಗಂಡ ಒಂದು ಮೂಟೆ ಹೊತ್ತು ತಂದರು. "ಅತ್ತೆ, ಈ ಕಳ್ಳೆಕಾಯ್ನ ಎಲ್ಲಿಕ್ಲಿ?"

"ಎಲ್ಲರ ಇಡಪ್ಪ. ಬಾಗಿಲಾಗ ಮಾತ್ರ ಬ್ಯಾಡ."

"ಬಾಗ್ಲಿಗೆ ನೀವೇ ಪೊಲೀಸಾ ಅತ್ತೆ?" ಎಂದು ನಗುತ್ತಾ ಅವರು ಮೂಟೆಯನ್ನು ಅವಳ ಪಕ್ಕಕ್ಕಿಳಿಸಿ ಒಳಗೆ ಹೋದರು.

ನನಗೆ ತಡೆಯಲಾಗಲಿಲ್ಲ. ಅವತ್ತಿನ ಗಂಟು ಇಟ್ಟವಳು ನಾನೇ ಎಂದು ಅವ್ವನಿಗೆ ಹೇಳಿಬಿಟ್ಟೆ. ಅವಳು ನನ್ನ ಮುಖ ನೋಡಿದಳು.

"ನೀನೇ ಇಟ್ಟಿದ್ದಂತ ನಾ ನೋಡಿಲ್ಲೇನು? ಅವರು ಎಳಿಯಾಕ ಹತ್ತಿದ್ರಲ್ಲ, ನಾನೇ ಬ್ಯಾಡ ಅಂದೆ. ಮಗಳು ಇಟ್ಟಾಳ, ಇರ್ಲಿ ಬಿಡ್ರಿ, ಮೊದಲು ಬಂದು ಉಣ್ರಿ ಅಂತ ಕೂಗಿದೆ. ಊಟ ಎಲ್ಲೂ ಓಡಿಹೋಗಂಗಿಲ್ಲ ತಡಿ ಅಂದ್ರು."

ಆಮೇಲೆ ಕಡಲೆಕಾಯಿ ಮೂಟೆಯ ಬಾಯಿ ಬಿಚ್ಚುತ್ತಾ ಅಂದಳು:

"ಎಲ್ಲದಕ್ಕೂ ನನ್ನ ಮಾತು ಕೇಳೋ ಮನುಷ್ಯ. ಅವತ್ತೊಂದಿನ ಕೇಳ್ಲಿಲ್ಲ ನೋಡು, ಪುಣ್ಯಾತ್ಮ."