ಅಣ್ಣನ ಬೆಸುಗೆ

ನಮ್ಮಣ್ಣ ಗಾಜು ಊದುವವನು. ಮೂವತ್ತು ವರ್ಷ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಬೆಂಕಿಯ ಮುಂದೆ ಕೂತು, ನಮ್ಮ ಪ್ರೊಫೆಸರಿಗೆ ಬೇಕಾದ ಫ್ಲಾಸ್ಕುಗಳನ್ನೆಲ್ಲ ಮಾಡಿಕೊಟ್ಟ. ದೂರದ ಗ್ರಹವೊಂದರ ಚಂದ್ರನ ಗಾಳಿಯಲ್ಲಿ ಇರುವುದು ಸಾರಜನಕ ಮತ್ತು ಮೀಥೇನ್. ಅವೆರಡನ್ನೂ ಫ್ಲಾಸ್ಕಿಗೆ ತುಂಬಿ ವಿದ್ಯುತ್ ಕಿಡಿ ಹಾರಿಸಿದರೆ ಗಾಜಿನ ಒಳಮೈಗೆ ಕಂದು ಪುಡಿ ಅಂಟುತ್ತದೆ. ಅಲ್ಲಿನ ಆಕಾಶದ ಮಬ್ಬು ಅಂಥದ್ದೇ. ಕಿಡಿ ಹಾರಿಸಿ ಅಳತೆ ಬರೆಯುವುದು ನನ್ನ ಕೆಲಸ.

ಪ್ರೊಫೆಸರಿಗೊಂದು ಕೆಟ್ಟ ಚಾಳಿ. ಫ್ಲಾಸ್ಕಿನ ನಲ್ಲಿಗೆ ಗಾಳಿ ನುಸುಳದಂತೆ ಹಚ್ಚುವ ಗ್ರೀಸನ್ನು ಹೆಬ್ಬೆರಳಲ್ಲಿ ದಪ್ಪಗೆ ಮೆತ್ತುತ್ತಿದ್ದರು. "ಸರ್, ಸಾಸಿವೆಯಷ್ಟು ಸಾಕು. ಜಾಸ್ತಿಯಾದ್ರೆ ಒಳಗೆ ಹೋಗುತ್ತೆ," ಎಂದು ಅಣ್ಣ ಎಷ್ಟೋ ಸಲ ಹೇಳಿದ್ದ. "ನೀನು ಗಾಜು ನೋಡ್ಕೋ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೋದ ವರ್ಷ ಪುಡಿಯಲ್ಲಿ ಇರಬಾರದ ವಸ್ತುವೊಂದು, ನಮ್ಮ ಪ್ರಯೋಗವನ್ನು ಪರಿಶೀಲಿಸಲು ಹೊರಗಿನಿಂದ ಬಂದ ಪರೀಕ್ಷಕರ ಕಣ್ಣಿಗೆ ಬಿತ್ತು. ಪ್ರೊಫೆಸರ್ ಸ್ವಲ್ಪವೂ ಅಳುಕದೆ, "ಇವನ ಬೆಸುಗೆ ಸೋರಿ ಹೊರಗಿನ ಗಾಳಿ ಒಳಗೆ ಹೋಗಿದೆ," ಎಂದುಬಿಟ್ಟರು. ಅಣ್ಣನ ಕೆಲಸ ಹೋಯಿತು. ಕೆಲಸ ಹೋದರೆ ಹಾಳಾಗಿ ಹೋಗಲಿ! ಅವನು ಮನೆಯಲ್ಲಿ ನೀರಿನ ಲೋಟವನ್ನೂ ಬೆಳಕಿಗೆ ಹಿಡಿದು ಬಿರುಕು ಹುಡುಕತೊಡಗಿದ. "ನಿಜವಾಗ್ಲೂ ಸೋರಿತ್ತೇನೋ ಕಣೇ," ಎಂದ ಒಂದು ದಿನ. ಈ ಪ್ರೊಫೆಸರಿಗೆ ನೀರು ಕುಡಿಸದೆ ಬಿಡುವುದಿಲ್ಲ ಎಂದು ಅವತ್ತೇ ಹಲ್ಲು ಕಚ್ಚಿದೆ.

ಸೋರಿದೆ ಎಂದು ದೂರಿದ ಆ ಫ್ಲಾಸ್ಕನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕಪಾಟಿನಲ್ಲಿ ಬಚ್ಚಿಟ್ಟೆ. ವರ್ಷವಿಡೀ ಅವರಿಗೆ ನಗುನಗುತ್ತಾ ನಮಸ್ಕಾರ ಹೊಡೆದೆ. ಪರೀಕ್ಷಕರು ಮತ್ತೆ ಬರುವ ದಿನ ಬೆಳಿಗ್ಗೆ, ಹಳೆಯ ಪುಡಿ, ಗ್ರೀಸು ಉಳಿಯದಂತೆ ಅದನ್ನು ತೊಳೆದು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ನಲ್ಲಿ ಮುಚ್ಚಿದೆ. ಮಧ್ಯಾಹ್ನ ಎಲ್ಲರೂ ಬಂದು ನೋಡಿದರು. ಬೆಸುಗೆ ಸೋರಿದ್ದರೆ ಏರಬೇಕಿದ್ದ ಒತ್ತಡದ ಮುಳ್ಳು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

"ಸರ್, ಗ್ರೀಸ್ ಮಾತ್ರ ನೀವೇ ಹಚ್ಚಿಕೊಡಿ," ಎಂದೆ ವಿನಯದಿಂದ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಹೆಬ್ಬೆರಳಲ್ಲಿ ಮೆತ್ತಿಯೇಬಿಟ್ಟರು. ಪರೀಕ್ಷಕರಿಗೆ ತೋರಿಸಿಯೇ ಈ ಸಲ ಬರೀ ಸಾರಜನಕ ತುಂಬಿದೆ. ಮೀಥೇನ್ ಇಲ್ಲದೆ ಕಂದು ಪುಡಿ ಹುಟ್ಟಲಾರದು. ಕಿಡಿ ಹಾರಿಸಿದೆ. ಸಂಜೆಯೊಳಗೆ ನಲ್ಲಿಯ ಬುಡದಲ್ಲಿ ಕಂದು ಕಲೆ! ಪರೀಕ್ಷಕರು ಕೆರೆದು ನೋಡಿದರೆ, ಅದೇ ಹಳೆಯ ವಸ್ತು.

"ಇದು ಗ್ರೀಸಿಂದ ಬಂದಿದ್ದಲ್ವೇನ್ರೀ?" ಎಂದರು ಒಬ್ಬರು. ಪ್ರೊಫೆಸರ್ ಹೆಬ್ಬೆರಳನ್ನು ಕರವಸ್ತ್ರಕ್ಕೆ ಒರೆಸುತ್ತಲೇ ಇದ್ದರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ.

ಮನೆಗೆ ಓಡಿಬಂದು, ಅವರ ಮುಖ ಹೇಗೆ ಕಪ್ಪಿಟ್ಟಿತೆಂದು ಬಣ್ಣಿಸತೊಡಗಿದೆ. ಅಣ್ಣ ನಡುವೆಯೇ ತಡೆದ.

"ಅದಿರ್ಲಿ. ಮುಳ್ಳು ಅಲುಗ್ಲಿಲ್ಲ ತಾನೇ?"

"ಇಲ್ಲ ಅಣ್ಣ. ಒಂಚೂರೂ ಇಲ್ಲ."

ಅವನು ಲೋಟಕ್ಕೆ ನೀರು ಬಗ್ಗಿಸಿಕೊಂಡು, ಬೆಳಕಿಗೆ ಹಿಡಿಯದೆ ಕುಡಿದ.