ಡೇರೆಗೆ ಅಂಜುವವರ ಯಂಕಮ್ಮ

ಹೈದರಾಬಾದು, ಶನಿವಾರ ಬೆಳಗಿನ ಐದು ಗಂಟೆ. ಉಪ್ಪಲ್‌ನ ಮೆಟ್ರೊ ಇನ್ನೂ ಓಡಾಟ ಶುರು ಮಾಡಿಲ್ಲ. ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಯಂಕಮ್ಮ ಕುಕ್ಕರಗಾಲಲ್ಲಿ ಕುಳಿತು ಡೇರೆಯ ಜಿಪ್ಪಿಗೆ ಮೇಣದಬತ್ತಿ ಉಜ್ಜುತ್ತಿದ್ದಾರೆ. ಹದಿನಾಲ್ಕು ಡೇರೆ, ಒಂದೊಂದಕ್ಕೂ ಎರಡು ಜಿಪ್ಪು. ಎಳೆದು ನೋಡುತ್ತಾರೆ, ಸಿಕ್ಕಿಕೊಂಡರೆ ಮತ್ತೆ ಉಜ್ಜುತ್ತಾರೆ. ಬಾಗಿದ ಗೂಟಗಳನ್ನು ಬಡಿದು ನೆಟ್ಟಗೆ ಮಾಡುವ ಕೆಲಸವೂ ಇದೆ. ಕೆಳಗಿನ ಮನೆಯವರು ಬೈಯುತ್ತಾರೆಂದು ಅದನ್ನು ಏಳು ಗಂಟೆಗೆ ಇಟ್ಟುಕೊಂಡಿದ್ದಾರೆ.

“ಮಂದಿ ಹಾವಿಗೆ ಅಂಜತಾರ ಅಂತ ನೀವು ತಿಳಕೊಂಡೀರಿ. ಅಲ್ರಿ. ಒಳಗ ಕುಂತಾಗ ಜಿಪ್ ಬಿಚ್ಚಲಾರದಂಗ ಆತಂದ್ರ ಅಲ್ಲಿಗೆ ಮುಗೀತು. ಆ ಮನಶಾ ಮತ್ತ ಈ ಜನ್ಮದಾಗ ಡೇರೇಕ್ಕ ಬರಂಗಿಲ್ಲ,” ಎನ್ನುತ್ತಾರೆ.

ಯಂಕಮ್ಮನವರಿಗೆ ನಲವತ್ತಾರು ವರ್ಷ. ವಿಕಾರಾಬಾದ್ ದಾಟಿ, ಕೆರೆಯ ಪಕ್ಕದ ಮಾವಿನ ತೋಪಿನಲ್ಲಿ ವಾರಾಂತ್ಯಕ್ಕೆ ಶಿಬಿರ ನಡೆಸುವ ಒಂದು ಸಣ್ಣ ಸಂಸ್ಥೆಗೆ ಆರು ವರ್ಷದಿಂದ ದುಡಿಯುತ್ತಿದ್ದಾರೆ. ಸಂಬಳದ ಚೀಟಿಯಲ್ಲಿ ಬರೆದಿರುವ ಹುದ್ದೆ ‘ಸಹಾಯಕಿ’. ಅಸಲು ಕೆಲಸ ಬೇರೆ. ಗಂಡನ ಬಲವಂತಕ್ಕೆ ಬಂದವರು, ಆಫೀಸಿನ ತಂಡದ ಕಾಟಕ್ಕೆ ಬಂದವರು, ಬಸ್ಸಿನಿಂದ ಇಳಿಯುವಾಗಲೇ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರು, ಇಂಥವರನ್ನು ಮರುದಿನ ಬೆಳಿಗ್ಗೆ ನಗುತ್ತಾ ಚಹಾ ಕುಡಿಯುವಂತೆ ಮಾಡುವುದು. ವಾರಕ್ಕೆ ಇಪ್ಪತ್ತು, ಇಪ್ಪತ್ತೈದು ಮಂದಿ. ಆರು ವರ್ಷದಲ್ಲಿ ಅರ್ಧಕ್ಕೆ ಎದ್ದು ಹೋದವರು ಹನ್ನೊಂದೇ ಜನ. ಆ ಹನ್ನೊಂದು ಮಂದಿ ಯಾಕೆ ಹೋದರೆಂಬುದು ಅವರಿಗೆ ಒಬ್ಬೊಬ್ಬರದೂ ನೆನಪಿದೆ.

ಈ ವಿದ್ಯೆ ಯಾವ ತರಬೇತಿಯಲ್ಲೂ ಬಂದದ್ದಲ್ಲ. ಶಹಾಪುರದ ಕಡೆಯ ಹಳ್ಳಿಯಿಂದ ಆರು ವರ್ಷದವರಿದ್ದಾಗ, ಕಟ್ಟಡದ ಕೂಲಿಗೆ ಹೊರಟ ಅಪ್ಪ-ಅವ್ವನ ಜೊತೆ ಹೈದರಾಬಾದಿಗೆ ಬಂದರು. ಕಟ್ಟಡ ಎಲ್ಲಿ ಏಳುತ್ತದೋ ಅದರ ಬುಡದಲ್ಲಿ ಇವರ ತಾಡಪತ್ರಿ ಹೊದಿಸಿದ ಗುಡಿಸಲು. ಕಟ್ಟಡ ಮುಗಿದರೆ ತಾಡಪತ್ರಿ ಸುತ್ತಿಕೊಂಡು ಮುಂದಿನ ಓಣಿ. ತಾರ್ನಾಕದಲ್ಲಿ ಇಂಥ ನಾಲ್ಕು ಕಟ್ಟಡಗಳನ್ನು ಈಗಲೂ ಬೆರಳು ಮಾಡಿ ತೋರಿಸುತ್ತಾರೆ. “ಆ ಮೂರನೇ ಮಾಳಿಗಿ ಸ್ಲ್ಯಾಬ್ ಹಾಕಿದ ದಿನ ನನಗ ಭಾಳ ಜ್ವರ ಇತ್ತು,” ಎನ್ನುತ್ತಾರೆ. ಹೀಗೆ ಇಪ್ಪತ್ತೆರಡು ವರ್ಷ.

ಮೈಸೂರಿನ ಅಪೂರ್ವ ಸಾಫ್ಟ್‌ವೇರ್ ಕೆಲಸದ ಜೊತೆಗೇ ಈ ಶಿಬಿರ ಆರಂಭಿಸಿದಾಗ ಯಂಕಮ್ಮ ಆಕೆಯ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಗುಡಿಸುತ್ತಿದ್ದರು. ಅಪೂರ್ವ ತಾರಸಿಯಲ್ಲಿ ಒಂದು ಹೊಸ ಡೇರೆಯೊಂದಿಗೆ ಗಂಟೆಗಟ್ಟಲೆ ಗುದ್ದಾಡುವುದನ್ನು ನೋಡಿ ನೋಡಿ ಸಾಕಾಗಿ, ಪೊರಕೆ ಬದಿಗಿಟ್ಟು ಐದು ನಿಮಿಷದಲ್ಲಿ ನಿಲ್ಲಿಸಿಕೊಟ್ಟರು. ಮರುವಾರವೇ ಕೆಲಸ ಬದಲಾಯಿತು. “ನನ್ನ ಹತ್ರ ಡೇರೆ ಇತ್ತು, ಅಷ್ಟೆ. ಜನ ಅದರೊಳಗೆ ಉಳಿದಿದ್ದು ಇವರಿಂದ,” ಎನ್ನುತ್ತಾರೆ ಅಪೂರ್ವ.

ಆದರೆ ಯಂಕಮ್ಮ ಇದುವರೆಗೆ ಗೆಲ್ಲಲಾಗದ ಒಬ್ಬರಿದ್ದಾರೆ. ಅವರ ತಾಯಿ, ಎಪ್ಪತ್ತರ ಹಣಮವ್ವ. ಉಪ್ಪಲ್‌ನ ಮನೆಯಲ್ಲಿರುವುದು ಇವರಿಬ್ಬರೇ, ಯಂಕಮ್ಮನವರ ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗಳು ಮತ್ತೆ ಡೇರೆಯ ಪಾಲಾದಳೆಂದು ಹಣಮವ್ವನಿಗೆ ಬಲು ಸಿಟ್ಟು. “ತಾಡಪತ್ರಿಯಿಂದ ಸ್ಲ್ಯಾಬಿನ ಕೆಳಗ ಬರಾಕ ನನ್ನ ಜೀವಮಾನ ಹಿಡೀತು. ಈಕಿ ತಿರುಗಿ ಅಲ್ಲಿಗೇ ಹೊಂಟಾಳ. ಓಣ್ಯಾಗ ಹೆಂಗ ಹೇಳಬೇಕು?” ಎನ್ನುತ್ತಾರೆ. ಪಕ್ಕದ ಮನೆಯ ಸಾವಿತ್ರಿಬಾಯಿಯ ಕಡೆಯಿಂದ ಮಗಳಿಗೆ ಉಪ್ಪಲ್‌ನ ಐಟಿ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸವನ್ನೂ ನೋಡಿಟ್ಟಿದ್ದಾರೆ. ಸೋಮವಾರ ಸೇರಬೇಕು. ಅವ್ವನ ಮಾತು ಮೀರಿ ಗೊತ್ತಿಲ್ಲದ ಯಂಕಮ್ಮ ಕೇಳಿಕೊಂಡದ್ದು ಒಂದೇ: “ಒಂದಿನ ಬಂದು ಕಣ್ಣಾರೆ ನೋಡು. ಆಮ್ಯಾಲೂ ಬಿಡು ಅಂದ್ರ ಬಿಡತೀನಿ.” ಹಣಮವ್ವ ಒಪ್ಪಿದ್ದಾರೆ, ಸಂಜೆ ಐದಕ್ಕೆ ವಾಪಸ್ ಕಳಿಸಬೇಕೆಂಬ ಕರಾರಿನ ಮೇಲೆ.

ಹಾಗಾಗಿ ಈ ಶನಿವಾರ ಬಸ್ಸಿನಿಂದ ಇಪ್ಪತ್ತೆರಡು ಮಂದಿಯ ಜೊತೆ ಹಣಮವ್ವನೂ ಇಳಿಯುತ್ತಾರೆ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಡೇರೆಗಳಿಗೆ ಬೆನ್ನು ಮಾಡಿ ಕೂರುತ್ತಾರೆ. ಯಂಕಮ್ಮ ನೋಡಿಯೂ ನೋಡದಂತೆ ಕೆಲಸಕ್ಕೆ ತೊಡಗುತ್ತಾರೆ. ತಾರ್ನಾಕದ ಪ್ರಫುಲ್ಲಾ ಅವರ ಪತಿ ರಕ್ಷಣಾ ಕಾರ್ಖಾನೆಯ ನೌಕರರು. ಅವರ ಉತ್ಸಾಹಕ್ಕೆ ಬಲಿಯಾಗಿ ಬಂದಿರುವ ಪ್ರಫುಲ್ಲಾ ಚೀಲವನ್ನು ಹೆಗಲಿನಿಂದ ಇಳಿಸಿಯೇ ಇಲ್ಲ.

“ಸಂಡಾಸ ಎಲ್ಲೈತ್ರಿ?” ಎಂದು ಪಿಸುದನಿಯಲ್ಲಿ ಕೇಳುತ್ತಾರೆ.

ಯಂಕಮ್ಮನವರ ಪ್ರಕಾರ ನೂರಕ್ಕೆ ತೊಂಬತ್ತು ಭಯಗಳು ಈ ಒಂದು ಪ್ರಶ್ನೆಯೊಳಗಿವೆ. ಎಲ್ಲರನ್ನೂ ಹಗಲು ಬೆಳಕಿನಲ್ಲೇ ಎರಡು ಸಲ ಅಲ್ಲಿಗೆ ನಡೆಸುತ್ತಾರೆ. ಎರಡನೇ ಸಲ ಕಣ್ಣು ಮುಚ್ಚಿ, ದಾರಿಯುದ್ದ ಕಟ್ಟಿದ ಹಗ್ಗ ಹಿಡಿದು, ಹೆಜ್ಜೆ ಎಣಿಸುತ್ತಾ. ನಲವತ್ತೆರಡು ಹೆಜ್ಜೆ. ಆಮೇಲೆ ಡೇರೆ ಹಾಕಿಸಿ, ಮಧ್ಯಾಹ್ನವೇ ಅರ್ಧ ಗಂಟೆ ಅದರೊಳಗೆ ಮಲಗಿಸುತ್ತಾರೆ. ಹಗಲು ಒಮ್ಮೆ ನಿದ್ದೆ ಬಂದ ಜಾಗ ರಾತ್ರಿಗೆ ಹೊಸದಲ್ಲ ಎಂಬುದು ಅವರ ಲೆಕ್ಕ. ಪ್ರಫುಲ್ಲಾ ಹೆಜ್ಜೆ ಎಣಿಸಿ ಬಂದು ಚೀಲ ಇಳಿಸುತ್ತಾರೆ.

ಇತ್ತ, ಬೆಂಗಳೂರಿನ ದೀಪಕ ಎಂಬ ಎಂಜಿನಿಯರ್ ಹಗ್ಗ ಹಿಡಿದು ನಡೆಯುವುದು ಮರ್ಯಾದೆಗೆ ಕಡಿಮೆ ಎಂದು ಹಿಂದೆ ಉಳಿದು, ಮೊಬೈಲಿನ ವಿಡಿಯೊ ನೋಡಿಕೊಂಡು ತಾನೇ ಡೇರೆ ಬಿಚ್ಚುತ್ತಿದ್ದಾನೆ. ಜಾಗ ಆರಿಸಿಕೊಂಡದ್ದು ಹಣಮವ್ವನ ಕಣ್ಣೆದುರೇ. ಒಂದು ಗೂಟ ಹೊಡೆಯುವವರೆಗೂ ಅವರು ತಡೆದುಕೊಳ್ಳುತ್ತಾರೆ. ಎರಡನೆಯದಕ್ಕೆ ಆಗುವುದಿಲ್ಲ.

“ತಮ್ಮಾ, ಅಲ್ಲಿ ಬ್ಯಾಡ. ಅದು ನೀರಿನ ದಾರಿ.”

“ಇವತ್ತು ಮಳೆ ಇಲ್ಲ ಅಜ್ಜಿ, ಫೋನಲ್ಲಿ ನೋಡಿದೀನಿ.”

“ಫೋನ್ ಇಲ್ಲಿ ಮಲಗ್ತೈತೇನು? ಮಣ್ಣು ನೋಡು, ನೀರು ಹರಿದು ಒಣಗಿ ಹೆಕ್ಕಳಿಕಿ ಎದ್ದೈತಿ.”

ಹಣಮವ್ವ ಕುರ್ಚಿ ಬಿಟ್ಟು ಏಳುತ್ತಾರೆ. ಹತ್ತು ಮಾರು ಮೇಲಕ್ಕೆ ನಡೆದು, ಸೀರೆಯ ಸೆರಗು ಬಿಗಿದು, ಬರಿ ನೆಲದ ಮೇಲೆ ಅಂಗಾತ ಮಲಗುತ್ತಾರೆ. ಸ್ವಲ್ಪ ಸರಿಯುತ್ತಾರೆ, ಕೈ ಹಿಂದೆ ಹಾಕಿ ಬೆನ್ನಡಿಯಿಂದ ಒಂದು ಕಲ್ಲು ಕಿತ್ತು ಎಸೆಯುತ್ತಾರೆ. ತಲೆ ತಗ್ಗಿಗೆ ಬಂತೆನಿಸಿ ದಿಕ್ಕು ಬದಲಿಸಿ ಮತ್ತೆ ಮಲಗುತ್ತಾರೆ. “ಹೀಂಗ ಮೊದಲ ನೀ ಮಲಗಬೇಕು. ಬೆನ್ನು ಹೂಂ ಅಂದ ಮ್ಯಾಲ ಗೂಟ,” ಎಂದು ಮಲಗಿದಲ್ಲಿಂದಲೇ ಹೇಳುತ್ತಾರೆ. ದೀಪಕ ಆಚೀಚೆ ನೋಡಿ, ಪಕ್ಕದಲ್ಲೇ ಮಲಗುತ್ತಾನೆ. ಸಂಡಾಸದಿಂದ ಮರಳಿದ ದಂಡೆಲ್ಲ ಸಾಲಾಗಿ ಬಂದು ಉರುಳಿಕೊಳ್ಳುತ್ತದೆ. ಪ್ರಫುಲ್ಲಾ ಅವರ ಬೆನ್ನಡಿ ಮೂರು ಕಲ್ಲು ಸಿಗುತ್ತವೆ. ಅವನ್ನು ಅವರು ಪತಿಗೆ ಬಹುಮಾನ ತೋರಿಸಿದಂತೆ ತೋರಿಸುತ್ತಾರೆ.

ಯಂಕಮ್ಮ ಕೈಯಲ್ಲಿ ಡೇರೆಯ ಕೋಲು ಹಿಡಿದು ನಿಂತೇ ಬಿಡುತ್ತಾರೆ. ವಾರವಾರ ತಾವು ಕಲಿಸುವುದು ಯಾರಿಂದ ಬಂದದ್ದೆಂದು ಅವರಿಗೆ ಮೊದಲೇ ಗೊತ್ತು. ಅವ್ವನಿಗೆ ಗೊತ್ತಿರಲಿಲ್ಲ. “ಆಕಿ ಅದನ್ನ ಕಷ್ಟ ಅಂತ ಅಷ್ಟೇ ತಿಳಕೊಂಡಿದ್ಲು. ಅದು ವಿದ್ಯಾನೂ ಹೌದು ಅಂತ ಯಾರೂ ಹೇಳಿದ್ದಿಲ್ಲ,” ಎನ್ನುತ್ತಾರೆ.

ಐದಕ್ಕೆ ವಿಕಾರಾಬಾದ್ ಸ್ಟೇಷನ್ನಿಗೆ ಹೋಗುವ ವ್ಯಾನಿನ ಚಾಲಕ ಹಾರ್ನ್ ಹೊಡೆಯುತ್ತಾನೆ. “ನೀ ಹೋಗಪಾ. ಈ ಹುಡುಗಗ ಇನ್ನಾ ಗಂಟು ಹಾಕಾಕ ಬರವಲ್ದು,” ಎಂದು ಹಣಮವ್ವ ಕಳಿಸಿಬಿಡುತ್ತಾರೆ. ಅಂದು ಮಳೆ ಬರುವುದಿಲ್ಲ. ಬಂದಿದ್ದರೆ ಬರೆಯಲು ಚೆನ್ನಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಯಂಕಮ್ಮ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸುತ್ತಿದ್ದಾರೆ. ಹಣಮವ್ವ ಡೇರೆಯಿಂದ ಹೊರಬಂದು, ಚಾದರ ಹೊದ್ದು ಒಲೆಯ ಪಕ್ಕ ಕೂರುತ್ತಾರೆ. ಮಗಳು ಲೋಟ ಕೊಟ್ಟು, ಕೇಳಲೇಬೇಕಾದ್ದನ್ನು ಕೇಳುತ್ತಾರೆ.

“ಸೋಮವಾರದ್ದು ಏನು ಮಾಡ್ಲಬೇ?”

“ಬರಂಗಿಲ್ಲ ಅಂತ ಸಾವಿತ್ರಿಬಾಯಿಗೆ ನಾನೇ ಹೇಳತೀನಿ.”

ಯಂಕಮ್ಮ ಸೌಟು ಕೆಳಗಿಡುತ್ತಾರೆ. “ನಿದ್ದಿ ಬಂತೇನು?” ಎನ್ನುತ್ತಾರೆ.

“ಬಂತು. ಇಪ್ಪತ್ತೆರಡು ವರ್ಷ ತಾಡಪತ್ರಿಯೊಳಗ ಕಣ್ತುಂಬ ನಿದ್ದಿ ಅನ್ನೂದು ಒಂದಿನ ಬಂದಿದ್ದಿಲ್ಲ. ನಿನ್ನೆ ಹೆಂಗ ಬಂತು ಅಂತ ವಿಚಾರ ಮಾಡಾಕತ್ತಿದ್ದೆ.” ಹಣಮವ್ವ ಸೆರಗಿನ ಗಂಟು ಬಿಚ್ಚಿ, ಉಪ್ಪಲ್‌ನ ಮನೆಯ ಕೀಲಿಕೈಯನ್ನು ಅಂಗೈಯಲ್ಲಿಟ್ಟು ಮಗಳಿಗೆ ತೋರಿಸುತ್ತಾರೆ. “ಅವಾಗ ನಮಗ ಕೀಲಿ ಹಾಕಿ ಬರಾಕ ಮನಿ ಇದ್ದಿಲ್ಲಲಾ.”