ಮಾವನನ್ನು ಸಂಶೋಧಿಸಿದ ಮೂವರು ಪಂಡಿತರು

ಯುದ್ಧ ಮುಗಿದ ಹೊಸತರಲ್ಲಿ ಬಾರ್ಕೂರಿನಲ್ಲಿ ಅಕ್ಕಿ ಸಿಗುತ್ತಿರಲಿಲ್ಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಪಂಡಿತರು ಮಾತ್ರ ಬೇಕಾದಷ್ಟು ಸಿಗುತ್ತಿದ್ದರು. ಒಂದು ಬೇಸಗೆಯಲ್ಲಿ ಮೂವರು ನಮ್ಮ ಮನೆಯ ಚಾವಡಿಯಲ್ಲೇ ಬಿಡಾರ ಹೂಡಿದ್ದರು.

ಒಬ್ಬರು ಶಾಸನದವರು. ಹಳೆಯ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಪಟಪಟ ಬಡಿದು, ಮಸಿ ಒತ್ತಿ ಅಕ್ಷರ ಎತ್ತುವುದು ಅವರ ಕೆಲಸ. ಊರಿನವರು ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಇವರು ಒಗೆಯುತ್ತಿದ್ದರು. ಇನ್ನೊಬ್ಬರು ಭಾಷೆಯವರು. ನನ್ನ ಅಮ್ಮ ನನಗೆ ಬೈಯಲು ಶುರು ಮಾಡಿದರೆ ಪೆನ್ಸಿಲ್ ಹಿಡಿದು ಓಡಿ ಬರುತ್ತಿದ್ದರು. "ಅಮ್ಮಾ, ಇನ್ನೊಮ್ಮೆ ಬೈಯಿರಿ, ಕೊನೆಯ ಶಬ್ದ ಸರಿಯಾಗಿ ಕೇಳಲಿಲ್ಲ" ಎನ್ನುತ್ತಿದ್ದರು. ವಿದ್ಯೆಗೆ ಸಹಾಯವಾಗಲೆಂದು ಅಮ್ಮ ನನಗೆ ಎರಡೆರಡು ಸಲ ಬೈಯುತ್ತಿದ್ದಳು. ಮೂರನೆಯವರು ಏಡಿಯವರು. ಹೊಳೆಯ ಕೆಸರಿನಲ್ಲಿ ಮೊಣಕಾಲೂರಿ ಏಡಿ ಹಿಡಿದು, ಅದರ ಕಾಲು ಅಳೆದು, ಗಾಜಿನ ಭರಣಿಯ ಸ್ಪಿರಿಟ್ಟಿನಲ್ಲಿ ಮುಳುಗಿಸಿ ಇಡುವರು.

"ಸಾರ್ ಮಾಡುಕಾರೂ ಆತಿತ್ತಲೆ ಮರ್ರೆ, ಹಾಳ್ ಮಾಡ್ತ್ರಿ" ಎಂದು ಅಮ್ಮ ಭರಣಿಯ ಮುಂದೆ ನಿಂತು ಮರುಗುತ್ತಿದ್ದಳು.

ಊಟಕ್ಕೆ ಕೂತರೆ ಮೂವರಿಗೂ ಜಗಳ. ಕಲ್ಲಿಗೆ ಜೀವವಿಲ್ಲ ಎಂದು ಏಡಿಯವರು, ಏಡಿಗೆ ಇತಿಹಾಸವಿಲ್ಲ ಎಂದು ಶಾಸನದವರು, ಎರಡಕ್ಕೂ ಬಾಯಿಲ್ಲ ಎಂದು ಭಾಷೆಯವರು. ಬಾಯಿ ಇದ್ದದ್ದು ನನಗೊಬ್ಬನಿಗೆ. ಹಾಗಾಗಿ ಮೂವರನ್ನೂ ಊರೆಲ್ಲ ಸುತ್ತಿಸುವ ಹುದ್ದೆ ನನ್ನದಾಯಿತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆಯೇ ಮೂರು ಶಾಸ್ತ್ರ ಕಲಿತವನು ಬ್ರಹ್ಮಾವರದಿಂದ ಬೈಂದೂರಿನವರೆಗೆ ಇನ್ನೊಬ್ಬ ಇದ್ದರೆ ತೋರಿಸಿ.

ಆದರೆ ನನ್ನ ತಲೆಬಿಸಿ ಬೇರೆ ಇತ್ತು. ನನಗೆ ಮದುವೆಯಾಗಬೇಕಿತ್ತು. ಯಾರನ್ನೋ ಅಲ್ಲ, ವಂಡ್ಸೆಯ ಒಬ್ಬಳನ್ನೇ. ಕೋಟೇಶ್ವರದ ಒಂದು ಮದುವೆಯೂಟದಲ್ಲಿ ಅವಳು ಬಡಿಸುತ್ತಾ ಬಂದು, ಪಾಯಸ ಎಂದು ಹೇಳಿ ನನ್ನ ದೊನ್ನೆಗೆ ಗಂಜಿ ತಿಳಿ ಹೊಯ್ದು, ಮುಖ ಒಂದಿಷ್ಟೂ ಅಲುಗಿಸದೆ ಮುಂದೆ ಹೋಗಿದ್ದಳು. ಊರಿಗೆಲ್ಲ ಟೋಪಿ ಹಾಕುವ ನನಗೇ ಟೋಪಿ! ಆವತ್ತೇ ನಿಶ್ಚಯಿಸಿದೆ, ಕಟ್ಟಿಕೊಂಡರೆ ಇವಳನ್ನೇ. ಅಮ್ಮನ ಕಡೆಯಿಂದ ಜಾತಕ ಹೋಯಿತು, ಕೂಡಿಯೂ ಬಂತು. ಇನ್ನು ಅವಳ ಅಪ್ಪ ನನ್ನನ್ನು ವಿಚಾರಿಸಲು ಬರುವುದೊಂದು ಬಾಕಿ.

ಆಗೆಲ್ಲ ನಮ್ಮ ಕಡೆ ಹೆಣ್ಣಿನ ಅಪ್ಪ ನೇರವಾಗಿ ಬಂದು ಗಂಡು ಹೇಗೆ ಎಂದು ಕೇಳುತ್ತಿರಲಿಲ್ಲ. ಎಮ್ಮೆ ಕೊಳ್ಳುವ ನೆಪದಲ್ಲಿ ಬರುತ್ತಿದ್ದ. ಬಸ್ಸಿಳಿದು, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಇಂಥವರ ಮನೆಯಲ್ಲಿ ಎಮ್ಮೆ ಇದೆಯಂತಲ್ಲ ಎಂದು ಶುರು ಮಾಡುವುದು. ಎಮ್ಮೆಯಿಂದ ಹೊರಟ ಮಾತು ಮೆಲ್ಲನೆ ಆ ಮನೆಯ ಮಗನಿಗೆ ಬರುತ್ತಿತ್ತು. ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಎಮ್ಮೆಗೊಂದಕ್ಕೇ ಗೊತ್ತಿರಲಿಲ್ಲ.

ನನ್ನ ಗ್ರಹಚಾರ ಏನೆಂದರೆ ಆ ಹೋಟೆಲಿನವನು. ಕಲೆಕ್ಟರು ಬರುತ್ತಾರೆ ಎಂದು ನಂಬಿಸಿ ನಾನು ಅವನಿಂದ ಬುಟ್ಟಿಗಟ್ಟಲೆ ಗೋಳಿಬಜೆ ಕರಿಸಿದ್ದೆ. ಕಲೆಕ್ಟರು ಬರಲಿಲ್ಲ, ಊರಿನ ನಾಯಿಗಳೆಲ್ಲ ದಪ್ಪವಾದವು. ಅಂದಿನಿಂದ ಅವನು ಕಂಡಾಗಲೆಲ್ಲ ಹೇಳುತ್ತಿದ್ದ, "ನಿನ್ ಮದಿ ವಿಚಾರ ಕೇಂಬುಕ್ ಯಾರಾರೂ ಬರ್ಲಿ ಮಗಾ. ನಿನ್ ಗುಣ ಸಮಾ ವರ್ಣನಿ ಮಾಡ್ತೆ." ಸುಮ್ಮನೆ ಹೇಳಿದ್ದಲ್ಲ. ಹಿಂದೆ ಬಂದ ಸಂಬಂಧಗಳೆಲ್ಲ ಅವನ ಕಾಫಿ ಲೋಟದಲ್ಲೇ ಮುಳುಗಿದ್ದವು.

ಹುಡುಗಿಯ ಅಪ್ಪ, ಆ ವಂಡ್ಸೆಯವರು, ಬರುವ ದಿನ ಗೊತ್ತಾದ ಕೂಡಲೇ ನಾನು ಪಂಡಿತರನ್ನು ಒಬ್ಬೊಬ್ಬರಾಗಿ ಕರೆದೆ. ಶಾಸನದವರಿಗೆ, "ಅವರ ಅಂಗಳದಲ್ಲಿ ಅಕ್ಷರ ಇರುವ ಕಲ್ಲಿದೆ" ಎಂದೆ. ಭಾಷೆಯವರಿಗೆ, "ಘಟ್ಟದ ಬುಡದ ಹಳೆಯ ಶಬ್ದಗಳು ಇನ್ನು ಅವರೊಬ್ಬರ ಬಾಯಲ್ಲೇ ಉಳಿದಿರುವುದು" ಎಂದೆ. ಏಡಿಯವರಿಗೆ, "ಅವರ ಮನೆ ಪಕ್ಕ ಹರಿಯುವ ತೋಡಿನಲ್ಲಿ ಒಂದು ಏಡಿ ಉಂಟು, ಅಡ್ಡ ನಡೆಯುವುದಿಲ್ಲ, ನೆಟ್ಟಗೆ ನಡೆಯುತ್ತದೆ" ಎಂದೆ. ಪಾಪ, ಏಡಿಯವರು ಆ ದಿನ ಊಟ ಬಿಟ್ಟರು.

ಪೆಟ್ರೋಲಿಲ್ಲದ ಕಾಲದ ಇದ್ದಿಲು ಬಸ್ಸು ಹೊಗೆ ಕಾರುತ್ತಾ ಬಂದು ನಿಂತಿತು. ನಾನು ಬೈಹುಲ್ಲಿನ ಗಾಡಿಯ ಮರೆಯಲ್ಲಿದ್ದೆ. ಹೊಸ ಶಾಲು ಹೊದ್ದು, ಕೊಡೆ ಹಿಡಿದು ವಂಡ್ಸೆಯವರು ಇಳಿದು ಹೋಟೆಲಿನ ಕಡೆ ಕಾಲಿಟ್ಟದ್ದೇ ತಡ, ಶಾಸನದವರು ಅವರ ಕೈ ಹಿಡಿದರು.

"ತಮ್ಮ ಅಂಗಳದಲ್ಲಿ ಕಲ್ಲಿದೆಯಂತೆ?"

"ಕಲ್ಲಿಲ್ದಿದ್ ಅಂಗ್ಳ ಎಲ್ಲಿತ್ತ್ ಮರ್ರೆ? ಬಿಡಿ ಕೈ. ನಾನ್ ಎಮ್ಮಿ ಕಾಂಬುಕ್ ಬಂದದ್."

"ಎಮ್ಮಿ!" ಎಂದು ಭಾಷೆಯವರು ಹಿಗ್ಗಿ ಪೆನ್ಸಿಲ್ ತೆಗೆದರು. "ನಿಮ್ಮ ಅಜ್ಜನೂ ಹಾಗೆಯೇ ಹೇಳುತ್ತಿದ್ದರೇ?"

"ಅಜ್ಜಯ್ಯ ಹೇಳ್ತಿರ್ಲಿಲ್ಲೆ, ಎಮ್ಮಿ ಹೊಡ್ಕಂಡ್ ಹೋತಿದ್ರ್."

ಏಡಿಯವರು ಅಡ್ಡ ಬಂದು ನಿಂತರು. "ನಿಮ್ಮ ತೋಡಿನ ಏಡಿ ಹೇಗೆ ನಡೆಯುತ್ತದೆ? ದಯವಿಟ್ಟು ನಡೆದು ತೋರಿಸಿ."

ವಂಡ್ಸೆಯವರು ಒಬ್ಬೊಬ್ಬರ ಮುಖ ನೋಡಿದರು. ಇದು ಹುಚ್ಚರ ಊರು ಎಂದುಕೊಂಡು ತಿರುಗಿ ಬಸ್ಸು ಹತ್ತುತ್ತಾರೋ ಎಂದು ನಾನು ಬೈಹುಲ್ಲಿನ ಮರೆಯಿಂದ ಕತ್ತು ಚಾಚಿದೆ. ಆದರೆ ಮೂವರು ಓದಿದವರು ತನ್ನ ಉತ್ತರಕ್ಕೆ ಬಾಯಿ ಬಿಟ್ಟುಕೊಂಡು ನಿಂತಿರುವುದು ಅವರಿಗೆ ಹೊಸ ಅನುಭವ. ಮನೆಯಲ್ಲಿ ಹೆಂಡತಿ ಅವರಿಗೆ ಮಾತು ಮುಗಿಸಲು ಬಿಟ್ಟವಳೇ ಅಲ್ಲವಂತೆ. ಒಮ್ಮೆ ಕೆಮ್ಮಿದರು, ಶಾಲು ಸರಿ ಮಾಡಿಕೊಂಡರು.

"ಕಾಣಿ, ಏಡಿ ಅಂಬುದ್..." ಎಂದು ಶುರು ಮಾಡಿದರು.

ಮತ್ತೆ ನಿಲ್ಲಲಿಲ್ಲ. ಹಾಳು ಗುಡಿಯ ಕಟ್ಟೆಯ ಮೇಲೆ ಕೂತು ಮಧ್ಯಾಹ್ನವಿಡೀ ಹೇಳಿದರು. ಅಂಗಳದ ಕಲ್ಲು ಯಾವ ರಾಜ ಇಟ್ಟದ್ದು, ಅಜ್ಜಿ ಯಾವ ಹಬ್ಬಕ್ಕೆ ಯಾವ ಬೈಗುಳ ಬೈಯುತ್ತಿದ್ದರು, ಯಾವ ಏಡಿಗೆ ಎಷ್ಟು ಹುಳಿ ಹಾಕಬೇಕು, ಎಲ್ಲ ಬಂತು. ಕೊಡೆಯನ್ನು ಇಕ್ಕುಳದ ಹಾಗೆ ಹಿಡಿದು ಏಡಿಯಂತೆ ನಡೆದೂ ತೋರಿಸಿದರು. ಅರ್ಧಕ್ಕರ್ಧ ಸುಳ್ಳು. ನಾನು ಹುಣಿಸೆಮರದ ಹಿಂದೆ ಕೂತು ಕೇಳುತ್ತಿದ್ದವ, ಈ ಮನುಷ್ಯನ ಅಳಿಯ ಆಗಲು ನಾನೇ ಸರಿ ಎಂದು ತಲೆದೂಗಿದೆ.

ಆಮೇಲೆ ಅವರು ಬದಲಾಗಿಬಿಟ್ಟರು. ಉತ್ತರ ಮುಗಿದ ಮೇಲೆ ತಾವೇ ಪ್ರಶ್ನೆ ಕೇಳತೊಡಗಿದರು. ಪಂಡಿತರ ರೋಗ ಅಂಟಿತ್ತು.

ಸಂಜೆ ತಿರುಗುವ ಬಸ್ಸಿಗೆ ಕಾಯಲು ಹೋಟೆಲಿಗೇ ಹೋಗಬೇಕಲ್ಲ. ಹೋದರು. ನಾನು ಹಿತ್ತಿಲ ಸೌದೆ ರಾಶಿಯ ಹಿಂದೆ ಕೂತು ಕಿವಿಯಾನಿಸಿದೆ. ಹೋಟೆಲಿನವನು ಬೆಲ್ಲದ ಕಾಫಿ ಎದುರಿಗಿಟ್ಟು, ಕೈ ಒರೆಸಿಕೊಂಡು, ಎದುರಿಗೇ ಕೂತ.

"ಎಮ್ಮಿ ಕಾಂಬುಕ್ ಬಂದದ್ ಅಂಬ್ರಲೆ? ಆ ಮನಿ ಮಾಣಿ ವಿಚಾರ ನಾನ್ ಹೇಳ್ತೆ, ಕೇಣಿ."

"ಅದಿರ್ಲಿ. ಈ ಅರೆವ ಕಲ್ಲ್ ಯಾರ್ ಕಾಲದ್?"

"ಅಪ್ಪಯ್ಯನ ಕಾಲದ್. ಆ ಮಾಣಿ ಇದ್ನಲೆ..."

"ಅಡಿಯಂಗೆ ಎಂತಾರೂ ಬರ್ದದ್ ಇತ್ತಾ?"

"ಯಾರ್ ಬರಿತ್ರ್ ಮರ್ರೆ ಅಡಿಯಂಗೆ? ಆ ಮಾಣಿ..."

"ಬರಿದೆ ಹೇಳುಕಾಗ. ಮಗ್ಚಿ ಕಾಂಬ. ಹ್ವಾಯ್, ಒಂದ್ ಕೈ ಕೊಡಿ!"

ಕಾಫಿ ಕುಡಿಯುತ್ತಿದ್ದವರೆಲ್ಲ ಸೇರಿ ಕಲ್ಲು ಮಗುಚಿಯೇಬಿಟ್ಟರು. ಮರುದಿನದ ದೋಸೆಹಿಟ್ಟು ನೆಲದ ಪಾಲು. ಅಡಿಯಲ್ಲಿ ಅಕ್ಷರವಿರಲಿಲ್ಲ, ಜಿರಳೆಗಳ ಒಂದು ತುಂಬಿದ ಸಂಸಾರವಿತ್ತು.

"ಜಿರ್ಲಿಗೆ ನಿಮ್ಮ್ ಬದಿಯಂಗೆ ಎಂತ ಅಂಬ್ರ್?" ಎಂದು ವಂಡ್ಸೆಯವರು ಗಂಭೀರವಾಗಿ ಕೇಳಿದರು. ಹೋಟೆಲಿನವನು ಹೇಳಿದ್ದನ್ನು ನಾನಿಲ್ಲಿ ಬರೆಯಲಾರೆ. ಅಷ್ಟರಲ್ಲಿ ಬಸ್ಸು ಬಂತು.

ವಂಡ್ಸೆಯವರು ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳಂತೆ. "ಮಾಣಿ ಹ್ಯಾಂಗಿದ್ದ?"

ಆಗ ನೆನಪಾಯಿತು ಅವರಿಗೆ, ಮಾಣಿಯನ್ನು ನೋಡಲೂ ಇಲ್ಲ, ವಿಚಾರಿಸಲೂ ಇಲ್ಲ. ಹಾಗೆಂದು ಒಪ್ಪಿಕೊಂಡರೆ ರಾತ್ರಿಯ ಊಟಕ್ಕೆ ಕಲ್ಲು. "ಬಂಗಾರ" ಎಂದರು.

"ಬಣ್ಣ?"

"ಕೆಂಪ್."

"ಎತ್ರ?"

"ಬಾಗ್ಲಿಗ್ ತಲಿ ಬಗ್ಸ್‌ಕ್."

ದಿನವಿಡೀ ಎದುರಿಗಿದ್ದ ಏಡಿಯವರ ಮುಖವೇ ಆಗ ಕಣ್ಣಿಗೆ ಕಟ್ಟಿದ್ದಿರಬೇಕು. ನಾನು ಬಾಗಿಲಿಗೆ ಬಗ್ಗುವುದು ಹಾಗಿರಲಿ, ಕಿಟಕಿಗೂ ಬಗ್ಗುವವನಲ್ಲ. ಬಣ್ಣ ನಮ್ಮ ಎಮ್ಮೆಯದ್ದೇ. ನನ್ನ ಮುಖದ ಕಳೆ ಬೇರೆ, ಅದು ದೂರದಿಂದ ಕಾಣುವುದಿಲ್ಲ.

ಮಾತು ಮುಗಿಸಿ ತಾಂಬೂಲ ಬದಲಾಯಿಸಲು ನಾನೂ ಅಮ್ಮನೂ ವಂಡ್ಸೆಗೆ ಹೊರಟೆವು. ನೆಟ್ಟಗೆ ನಡೆಯುವ ಏಡಿಯನ್ನು ಕಾಣದೆ ಬಿಡುವುದಿಲ್ಲ ಎಂದು ಏಡಿಯವರೂ ಗಂಟುಬಿದ್ದರು. ಬಿಟ್ಟುಹೋದರೆ ನನ್ನ ಸುಳ್ಳು ಹೊರಗೆ ಬೀಳುತ್ತದೆ, ಕರೆದುಕೊಂಡು ಹೋದರೂ ಬೀಳುತ್ತದೆ. ತಾಂಬೂಲ ಬದಲಾದ ಮೇಲೆ ಬಿದ್ದರೆ ಸಾಕೆಂದು ಕರೆದುಕೊಂಡು ಹೋದೆ.

ಅತ್ತೆಯಾಗುವವಳು ಅಂಗಳಕ್ಕೆ ಬಂದು ಏಡಿಯವರ ಕಾಲಿಗೆ ನೀರು ಕೊಟ್ಟಳು, ಚಾವಡಿಯ ಮಣೆಯ ಮೇಲೆ ಕೂರಿಸಿದಳು. ನನ್ನ ಕೈಗೆ ಎಲ್ಲರ ಕೊಡೆಗಳನ್ನು ತುರುಕಿದಳು.

"ನೀ ಜಗ್ಲಿಯಂಗೆ ಕೂಕೊ ಮಗಾ. ಗಂಟ್ ಹೊತ್ಕಂಡ್ ಬಂದ್ ಬಚ್ಚಿತಾ?" ಎಂದಳು, ದಣಿದ ಆಳನ್ನು ಕೇಳುವ ಹಾಗೆ.

ಏಡಿಯವರು ಕೂತ ಹಾಗೆಯೇ ಎದ್ದರು. "ಅಮ್ಮಾ, ತೋಡು ಯಾವ ಕಡೆ?"

"ಕಾಲ್ ತೊಳ್ದಾಯ್ತಲೆ, ತೋಡ್ ಎಂತಕ್?"

"ಏಡಿ ನೋಡಬೇಕಿತ್ತು."

"ಹೆಣ್ಣ್ ಕಾಂಬುಕ್ ಮುಂಚೆ ಏಡಿಯಾ?"

ನನ್ನ ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಹ್ವಾಯ್, ಅದ್ ಪಂಡಿತ್ರ್ ಮರ್ರೆ! ನನ್ ಮಗ ಅಲ್ಲ್ ಕೊಡಿ ಹಿಡ್ಕಂಡ್ ನಿಂತಿದ್ನಲೆ, ಅವ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ದೂರ ಕಡಿಮೆಯಿದ್ದ ಕಾರಣ ಬೇಗ ನೋಡಿ ಮುಗಿಯಿತು. ಆಮೇಲೆ ಗಂಡನ ಕಡೆ ತಿರುಗಿದಳು. ಅವರು ಮಾಡಿನ ಹಂಚು ಎಣಿಸುತ್ತಿದ್ದರು.

"ನೀವ್ ಕಂಡದ್ ಯಾರನ್ನ್?"

"ಅದ್ ಕಾಣ್, ಅದ್ರದ್ ಸಂಶೋಧನಿ ಇನ್ನೂ ನಡಿತಾ ಇತ್ತ್."

ಅತ್ತೆ ತಾಂಬೂಲದ ಹರಿವಾಣವನ್ನು ಎತ್ತಿಕೊಂಡೇಬಿಟ್ಟಳು. ಜೀವಮಾನದಲ್ಲಿ ಒಂದು ಸಲ ನನಗೆ ಸುಳ್ಳು ಹೊಳೆಯದಿದ್ದದ್ದೆಂದರೆ ಆವಾಗ.

ಒಳಗಿನ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಅಬ್ಬಿ, ಆ ಉದ್ದ ಜನ ಆರೆ ನಾನ್ ದಿನಾ ಏಡಿ ಕಾಲ್ ಅಳೆಕ್. ಈ ಗಿಡ್ಡ ಜನ ಅಡ್ಡಿಲ್ಲೆ, ಕಂಡ್ರೇ ನೆಗಿ ಬತ್ತ್" ಎಂದು ಪಾಯಸ ಬಡಿಸಿದವಳ ದನಿ ತಾಯಿಗೆ ಹೇಳಿತು.

"ಬಾಯ್ ಮುಚ್ಚ್! ಗುಣ ಹ್ಯಾಂಗೆ ಅಂದೇಳಿ ಯಾರಿಗೂ ಗೊತ್ತಿಲ್ಲೆ."

"ನಂಗೆ ಗೊತ್ತಿತ್ತ್. ಅಪ್ಪಯ್ಯನ ಕಣ್ಣಿಗೆ ಬೀಳ್ದೆ ಒಂದ್ ಇಡೀ ದಿನ ತಪ್ಸ್ಕಂಡಿದ್ದವ ದಡ್ಡ ಆಪುಕಿಲ್ಲೆ."

ಅತ್ತೆ ಹರಿವಾಣ ಕೆಳಗಿಡಲಿಲ್ಲ, ಒಳಗೆ ಒಯ್ಯಲೂ ಇಲ್ಲ. ಹುಡುಗಿಯೇ ಹೊರಗೆ ಬಂದಳು, ನನ್ನ ಕೈಯಲ್ಲಿದ್ದ ಕೊಡೆಗಳನ್ನೆಲ್ಲ ತೆಗೆದುಕೊಂಡು ಅಪ್ಪನ ಕೈಗೆ ಕೊಟ್ಟಳು.

"ಬನಿ ಒಳ್ಗೆ. ಮಣಿ ಖಾಲಿ ಇತ್ತ್" ಎಂದಳು ನನಗೆ.

ಹೋಗಿ ಮಣೆಯ ಮೇಲೆ ಕೂತೆ. ಏಡಿಯವರು ಆಗಲೇ ತೋಡಿಗೆ ಇಳಿದಾಗಿತ್ತು.